ಲವೀನಿಯಾಳ ಇಪ್ಪತ್ತೆಂಟು ಅಂಕಗಳು

ಫ್ಲಾಟ್‌ಬುಷ್ ರಸ್ತೆಯ ಪಿಂಚಣಿ ಕಚೇರಿಯ ಕುರ್ಚಿಗಳನ್ನು, ಕೂತವರು ಬೇಸತ್ತು ಪಿಂಚಣಿಯೂ ಬೇಡ ಏನೂ ಬೇಡ ಎಂದು ಎದ್ದುಹೋಗಲಿ ಎಂಬ ಉದ್ದೇಶದಿಂದಲೇ ಮಾಡಿಸಿದಂತಿತ್ತು. ಲವೀನಿಯಾ ನೋಯಲ್ ಅಂಥದ್ದೊಂದರ ಮೇಲೆ ಎರಡೂವರೆ ಗಂಟೆಯಿಂದ ಕೂತಿದ್ದಳು. ಚರ್ಚಿಗೆ ಹೋಗುವಾಗ ಮಾತ್ರ ಹೊರತೆಗೆಯುವ ನೇರಳೆ ಟೋಪಿ ಹಾಕಿಕೊಂಡು ಬಂದಿದ್ದಳು. ಸರ್ಕಾರವೂ ದೇವರ ಹಾಗೇ, ಮರ್ಯಾದೆಯಾಗಿ ಬಂದವರನ್ನು ಬೇಗ ವಿಚಾರಿಸುತ್ತದೆ ಎಂದು ಅವಳ ನಂಬಿಕೆ. ಅರವತ್ತಾರು ವರ್ಷದ ಅನುಭವ ಎರಡರ ವಿಷಯದಲ್ಲೂ ಬೇರೆಯೇ ಹೇಳುತ್ತಿತ್ತು. ಆದರೂ ಟೋಪಿ ಮನೆಯಲ್ಲಿ ಬಿಟ್ಟು ಬರುವಷ್ಟು ಧೈರ್ಯ ಬಂದಿರಲಿಲ್ಲ.

ಕೊನೆಗೆ ಅವಳ ಕೈಯಲ್ಲಿದ್ದ ಚೀಟಿಯ ನಂಬರು ಗೋಡೆಯ ಮೇಲೆ ಮಿನುಗಿತು. ಕಿಟಕಿಯಾಚೆ ಉದ್ದ ಉಗುರಿನ ಹುಡುಗಿಯೊಬ್ಬಳು ಕೂತಿದ್ದಳು. ಅವಳೂ ಲವೀನಿಯಾಳ ಹಾಗೆ ದ್ವೀಪಗಳಿಂದ ವಲಸೆ ಬಂದವರ ಮಗಳೇ ಇರಬೇಕು, ಮಾತಿನಲ್ಲಿ ಅಮ್ಮನ ಅಡುಗೆಮನೆಯ ರಾಗ ಇನ್ನೂ ಉಳಿದಿತ್ತು.

"ಹದಿನಾರು ಅಂಕ ಇದೆ ಆಂಟಿ. ನಲವತ್ತು ಬೇಕು."

ಈ ಲೆಕ್ಕ ಲವೀನಿಯಾಗೆ ಬಾಯಿಪಾಠ. ದುಡಿದವರ ಸಂಬಳದಲ್ಲಿ ಸರ್ಕಾರಕ್ಕೆ ಪಾಲು ಹೋಗಬೇಕು, ದುಡಿಸಿಕೊಂಡವರೂ ಅಷ್ಟೇ ಪಾಲು ಕಟ್ಟಬೇಕು. ಹಾಗೆ ಕಟ್ಟಿದರೆ ವರ್ಷಕ್ಕೆ ನಾಲ್ಕು ಅಂಕ. ನಲವತ್ತು ಬಂದರೆ ಪಾಸು, ಸಾಯುವ ತನಕ ಪಿಂಚಣಿ. ಮೂವತ್ತೊಂಬತ್ತು ಬಂದರೂ ಫೇಲು, ಕೃಪಾಂಕ ಗಿಪಾಂಕ ಏನೂ ಇಲ್ಲ.

"ಇನ್ನೊಂದ್ಸಲ ನೋಡಮ್ಮ. ಹದಿನಾರು ಅಂದ್ರೆ ಮೊನ್ನೆ ಮೊನ್ನೆ ಏಜೆನ್ಸಿ ಕಡೆಯಿಂದ ಮುದುಕರನ್ನ ನೋಡ್ಕೊಂಡ ನಾಲ್ಕು ವರ್ಷದ್ದು. ಅದಕ್ಕೂ ಮುಂಚೆ ಲೆಫ್ಕೊ ಅವರ ಮನೇಲಿ ಏಳು ವರ್ಷ ಮಗು ನೋಡ್ಕೊಂಡಿದೀನಿ. ಅದೇ ಇಪ್ಪತ್ತೆಂಟು."

ಹುಡುಗಿ ಉಗುರು ಕಟಕಟಿಸಿ ಪರದೆ ನೋಡಿದಳು. "ಎಂಬತ್ತೇಳರಿಂದ ತೊಂಬತ್ಮೂರರ ತನಕ ಇಲ್ಲಿ ಸೊನ್ನೆ ಆಂಟಿ. ಸೊನ್ನೆ, ಸೊನ್ನೆ, ಸೊನ್ನೆ..."

"ಸಾಕು ಬಿಡು ತಾಯಿ. ಒಂದ್ಸಲ ಹೇಳಿದ್ರೂ ಸೊನ್ನೆ ಅರ್ಥ ಆಗತ್ತೆ."

ಹುಡುಗಿಗೆ ಪಾಪ ಅನ್ನಿಸಿತು. ಪರದೆಯ ಮೇಲಿದ್ದುದನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟಳು. "ಆ ಮನೆಯೋರು ಕಟ್ಟೇ ಇಲ್ವೇನೋ. ತುಂಬ ಜನ ಹಾಗೇ ಮಾಡ್ತಿದ್ರು" ಎಂದಳು.

ಬಸ್ಸಿನಲ್ಲಿ ಲವೀನಿಯಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮಂಡಿ ಎರಡೂ ಹೋಗಿವೆ, ಇನ್ನು ಮಕ್ಕಳ ಹಿಂದೆ ಓಡಲಾಗದು, ಮುದುಕರನ್ನು ಎತ್ತಲಾಗದು. ಪಿಂಚಣಿ ಇಲ್ಲದಿದ್ದರೆ ಬಾಡಿಗೆ ಕೋಣೆ ಬಿಡಬೇಕು, ತಂಗಿಯ ಮನೆಯ ಸೋಫಾದ ಮೇಲೆ ಮಲಗಬೇಕು, ತಂಗಿಯ ಗಂಡನ ಗೊರಕೆ ಕೇಳಬೇಕು. ಇದಿಷ್ಟೂ ಹೊಟ್ಟೆಯ ಪ್ರಶ್ನೆ. ಹೊಟ್ಟೆಯ ಪ್ರಶ್ನೆಗಳಿಗೆ ಅವಳು ಹಳಬಳು. ಎದೆಗೆ ಚುಚ್ಚಿದ್ದು ಬೇರೆ. ಲೆಫ್ಕೊ ಮೇಷ್ಟ್ರು ಕಳ್ಳರಾ? ಹಾಗಾದರೆ ತನ್ನ ಬಾಳಿನ ಅತ್ಯಂತ ಚೆಂದದ ಏಳು ವರ್ಷ ಕಳ್ಳನ ಮನೆಯಲ್ಲಿ ಕಳೆದದ್ದಾ?

ಆ ಮನೆಗೆ ಅವಳು ಮೊದಲು ಹೋದದ್ದು ಎಂಬತ್ತೇಳರ ಜನವರಿಯಲ್ಲಿ, ಹಿಮ ಕೆಸರಾಗಿ ಬೂಟಿನೊಳಗೆ ಇಳಿಯುತ್ತಿದ್ದ ದಿನ. ನಾರ್ಮನ್ ಲೆಫ್ಕೊ ಪ್ರೌಢಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಹೆಂಡತಿ ರೋಡಾ ಆಸ್ಪತ್ರೆಯಲ್ಲಿ ನರ್ಸು. ಮೂರು ತಿಂಗಳ ಮಗು ಟೋವ ತೊಟ್ಟಿಲಲ್ಲಿ ಕಿರುಚಿ ಕಿರುಚಿ ಕೆಂಪಗಾಗಿತ್ತು. ಆ ಹೊತ್ತಿಗೆ ಲವೀನಿಯಾ ಏಳೆಂಟು ಮನೆಗಳಲ್ಲಿ ಹೀಗೆ ಸಂದರ್ಶನಕ್ಕೆ ಕೂತಿದ್ದಳು. ಎಲ್ಲರೂ ಕೇಳುತ್ತಿದ್ದುದು ಒಂದೇ: ಮಕ್ಕಳೆಂದರೆ ಇಷ್ಟವೇ? ಇಷ್ಟವಿಲ್ಲ ಎಂದವರು ಯಾರಾದರೂ ಇದ್ದರೋ ಏನೋ. ಮೇಷ್ಟ್ರು ಮಾತ್ರ ಅವಳು ಗ್ರೆನಡಾದವಳೆಂದು ತಿಳಿದ ಕೂಡಲೇ, "ನಿಮ್ಮ ದ್ವೀಪದಿಂದ ವರ್ಷಕ್ಕೆ ಎಷ್ಟು ಟನ್ ಜಾಯಿಕಾಯಿ ರಫ್ತಾಗತ್ತೆ ಗೊತ್ತಾ?" ಎಂದು ಕೇಳಿದರು.

"ನಾನು ತೂಕ ಹಾಕಿಲ್ಲ ಸಾರ್" ಎಂದಳು ಲವೀನಿಯಾ. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡಿದ್ದಳು, ಮಗು ಸುಮ್ಮನಾಗಿತ್ತು. ರೋಡಾ ಪಾಲಿಗೆ ಸಂದರ್ಶನ ಅಲ್ಲಿಗೆ ಮುಗಿದಿತ್ತು. ಮೇಷ್ಟ್ರ ಪಾಲಿಗೆ ಈಗ ಶುರು.

"ನೋಡಿ, ನಾನು ನಿಮ್ಮನ್ನ ಕಾನೂನು ಪ್ರಕಾರ ಇಟ್ಕೋತೀನಿ" ಎಂದರು.

ಕಾನೂನು ಎಂಬ ಮಾತು ಕಿವಿಗೆ ಬಿದ್ದರೆ ಲವೀನಿಯಾಳ ಬೀದಿಯಲ್ಲಿ ಜನ ಜಾಗ ಖಾಲಿಮಾಡಲು ಕೈಚೀಲ ಹುಡುಕುತ್ತಾರೆ. ಅವಳ ಕೈಯೂ ತನ್ನಷ್ಟಕ್ಕೆ ತಾನೇ ಕೈಚೀಲದ ಕಡೆ ಹೋಯಿತು. ಇಲ್ಲಿ ಇರಲು, ದುಡಿಯಲು ಬೇಕಾದ ಕಾಗದವೆಲ್ಲ ಅವಳಿಗಿತ್ತು. ಭಯ ಮಾತ್ರ ಇನ್ನೂ ಹಳೆಯದೇ ಉಳಿದಿತ್ತು.

"ಹೆದರ್ಬೇಡ ಕಣಮ್ಮ. ನನ್ನನ್ನೂ ಅವ್ನು ಹಾಗೇ ಇಟ್ಕೊಂಡಿರೋದು" ಎಂದಳು ರೋಡಾ.

ಮೇಷ್ಟ್ರು ಬೆಣ್ಣೆಯ ಪೊಟ್ಟಣದ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಒಂದು ಗೊಂಬೆ ಲವೀನಿಯಾ, ಒಂದು ಗೊಂಬೆ ಮೇಷ್ಟ್ರು, ನಡುವೆ ಕಂಬಗಳಿದ್ದ ಒಂದು ಕಟ್ಟಡ ಸರ್ಕಾರ. ನೂರು ಡಾಲರಿಗೆ ಏಳು ಚಿಲ್ಲರೆ ಅವಳದು, ಅಷ್ಟೇ ಇವರದು, ಎರಡೂ ಬಾಣಗಳು ಕಟ್ಟಡದೊಳಕ್ಕೆ ಹೋದವು. ಕಟ್ಟಡದ ಹಿಂಬಾಗಿಲಿಂದ ಒಂದು ದಪ್ಪ ಬಾಣ ಹೊರಬಂದು ಕೋಲೂರಿದ ಒಂದು ಗೊಂಬೆಯ ಕೈ ಸೇರಿತು.

"ಇದ್ಯಾರು?"

"ನೀವೇ. ಅರವತ್ತಾರಾದ್ಮೇಲೆ."

"ಸೊಂಟ ಇಷ್ಟು ಬಗ್ಗಿಸ್ಬೇಡಿ ಸಾರ್. ನಮ್ಮ ವಂಶದಲ್ಲಿ ಯಾರಿಗೂ ಬಗ್ಗಿಲ್ಲ."

ಮೇಷ್ಟ್ರು ಗಂಭೀರವಾಗಿ ರಬ್ಬರ್ ತಂದು ಸೊಂಟ ನೆಟ್ಟಗೆ ಮಾಡಿದರು. ಆಮೇಲೆ ಹೆಸರು ಕೇಳಿ ಬರೆದುಕೊಂಡರು: ಲವೀನಿಯಾ ನೋಯಲ್. ಸರ್ಕಾರಿ ನಂಬರಿನ ಕಾರ್ಡು ಕೇಳಿದರು. "ಕಾರ್ಡು ಮನೇಲಿದೆ, ನಂಬರ್ ಬಾಯಲ್ಲಿದೆ" ಎಂದು ಅವಳು ಒಂಬತ್ತು ಅಂಕೆಗಳನ್ನು ಜಪಸರದ ಮಣಿಗಳ ಹಾಗೆ ಉದುರಿಸಿದಳು. ಬಾಯಿಪಾಠ ಮಾಡುವವರನ್ನು ಕಂಡರೆ ಮೇಷ್ಟ್ರಿಗೆ ಮೊದಲಿಂದಲೂ ಗೌರವ. ಕಾರ್ಡಿನ ಮಾತು ಅಲ್ಲಿಗೇ ಮರೆತರು.

ಮೂರು ತಿಂಗಳಿಗೊಮ್ಮೆ ಆ ಮನೆಯಲ್ಲಿ ತೆರಿಗೆಯ ಹಬ್ಬ. ಶುಕ್ರವಾರದ ಕೋಳಿಸಾರು ಒಲೆಯ ಮೇಲೆ ಕಾಯುತ್ತಿರುತ್ತಿತ್ತು. ಯೆಹೂದಿ ಮನೆಯ ಪದ್ಧತಿಯಂತೆ ಸೂರ್ಯ ಮುಳುಗುವ ಮುನ್ನ ರೋಡಾ ದೀಪ ಹಚ್ಚಬೇಕು, ಆದರೆ ಮೇಜು ಖಾಲಿಯಿಲ್ಲ. ಅದರ ತುಂಬ ಮೇಷ್ಟ್ರ ನಮೂನೆಗಳು. "ನಾರ್ಮನ್, ಸೂರ್ಯ ಮುಳುಗ್ತಿದಾನೆ!" "ಸೂರ್ಯನಿಗೆ ಕೊನೇ ದಿನಾಂಕ ಇಲ್ಲ, ಇದಕ್ಕಿದೆ!" ಲವೀನಿಯಾ ಪಕ್ಕದಲ್ಲಿ ಕೂತು ನೋಡಲೇಬೇಕು. ನಿಮ್ಮ ದುಡ್ಡು, ಎಲ್ಲಿಗೆ ಹೋಗತ್ತೆ ಅಂತ ನೀವು ನೋಡ್ಬೇಕು ಎಂದು ಮೇಷ್ಟ್ರ ಹಟ. ಅವಳು ನೋಡುತ್ತಿದ್ದುದು ಮೇಷ್ಟ್ರ ನಾಲಗೆಯ ತುದಿಯನ್ನು. ಕೂಡುವಾಗ ಅದು ಎಡಕ್ಕೆ, ಕಳೆಯುವಾಗ ಬಲಕ್ಕೆ. ಕೈ ಸುಮ್ಮನಿರಲಾರದೆ ಅವಳು ರೋಡಾಳ ಶಾವಿಗೆ ಕಡುಬಿನ ಮೇಲೆ ಜಾಯಿಕಾಯಿ ತುರಿಯುತ್ತಿದ್ದಳು. ರೋಡಾಳ ಅತ್ತೆಗೆ ಗೊತ್ತಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ಆದರೆ ಮೂರೇ ವಾರದಲ್ಲಿ ಜಾಯಿಕಾಯಿಯಿಲ್ಲದ ಕಡುಬು ಆ ಮನೆಯಲ್ಲಿ ಯಾರ ಗಂಟಲಲ್ಲೂ ಇಳಿಯುತ್ತಿರಲಿಲ್ಲ.

ಲಕೋಟೆ ಸಿದ್ಧವಾದರೆ ಅಂಚೆಚೀಟಿ ನೆಕ್ಕುವ ಹಕ್ಕು ಟೋವಳದು. ಮರುದಿನ ಲವೀನಿಯಾ ಅವಳನ್ನು ಮೂಲೆಯ ನೀಲಿ ಅಂಚೆಪೆಟ್ಟಿಗೆಯ ಎತ್ತರಕ್ಕೆ ಎತ್ತುತ್ತಿದ್ದಳು. ಟೋವಳ ಬಾಯಲ್ಲಿ ಅವಳು ವೀವಿ. "ಹೋಯ್ತಾ ವೀವಿ?" "ಹೋಯ್ತು ಚಿನ್ನ." "ಸರ್ಕಾರಕ್ಕೆ ಹೋಯ್ತಾ?" "ಸರ್ಕಾರದ ಬಾಯಿಗೇ ಹೋಯ್ತು." ಇಂಥ ಲಕೋಟೆ ಇಪ್ಪತ್ತೆಂಟು ಹಾಕಿದ್ದರು. ಮೊದಮೊದಲು ಎತ್ತುವಾಗ ಟೋವ ಕುಂಬಳಕಾಯಿಯಷ್ಟು ಭಾರ. ಕೊನೆಕೊನೆಗೆ ಅವಳೇ ಕೈ ಚಾಚಿ ಹಾಕುತ್ತಿದ್ದಳು. ಆದರೂ "ಎತ್ತು ವೀವಿ" ಎನ್ನುವುದು ಬಿಟ್ಟಿರಲಿಲ್ಲ.

ಮೂರ್ನಾಲ್ಕು ಸಲ ಸರ್ಕಾರದಿಂದ ತಿರುಗಿ ಒಂದು ಪತ್ರ ಬಂದದ್ದೂ ಉಂಟು. ಮೇಷ್ಟ್ರು ಅದನ್ನು ಹಿಡಿದು ಅಡುಗೆಮನೆಗೆ ಬರುತ್ತಿದ್ದರು. "ಲವೀನಿಯಾ, ಏನೋ ಕೂಡ್ತಾ ಇಲ್ವಂತೆ. ನಿಮ್ಮ ನಂಬರ್ ಇನ್ನೊಂದ್ಸಲ ಹೇಳಿ." ಅವಳು ಹೇಳುತ್ತಿದ್ದಳು, ಅವರು ಒಂದೊಂದೇ ಅಂಕೆಯ ಮೇಲೆ ಬೆರಳಿಡುತ್ತಿದ್ದರು. "ಸರಿಯಾಗೇ ಇದೆಯಲ್ಲ! ನಂಬರ್ ಸರಿಯಿದೆ ಅಂತ ಬರ್ದುಬಿಡ್ತೀನಿ." ಬರೆಯುತ್ತಿದ್ದರು. ಸರ್ಕಾರಕ್ಕೆ ಪಾಠ ಹೇಳಿದ ತೃಪ್ತಿಯಲ್ಲಿ ಆ ದಿನ ಎರಡು ಬಟ್ಟಲು ಸಾರು ಕುಡಿಯುತ್ತಿದ್ದರು.

ಪ್ರಾಸ್ಪೆಕ್ಟ್ ಪಾರ್ಕಿನಲ್ಲಿ ಆಯಾಗಳದ್ದೇ ಒಂದು ಬೆಂಚು ಇತ್ತು. ಟ್ರಿನಿಡಾಡ್, ಸೇಂಟ್ ಲೂಸಿಯಾ, ಗಯಾನಾ, ಎಲ್ಲ ಅಲ್ಲಿ ಅಕ್ಕಪಕ್ಕ. ಕರಿದ ರೊಟ್ಟಿಯೊಳಗೆ ಉಪ್ಪುಮೀನು ತುಂಬಿಕೊಂಡು ಬಂದು ಹಂಚಿ ತಿನ್ನುವರು. ಬೆಳ್ಳಗಿನ ಮಕ್ಕಳೂ ಪಾಲು ಕೇಳಿ, ಮೆಣಸಿನ ಖಾರಕ್ಕೆ ಮೂಗು ಸುರಿಸಿಕೊಂಡು, ಮತ್ತೆ ಕೇಳುವರು. ಬೆಂಚಿನ ಯಜಮಾನಿಕೆ ಬಾರ್ಬಡೋಸಿನ ವೆರ್ನಾಳದು. ಅವಳ ಬಾಯಿಗೆ ಬಾಗಿಲೇ ಇರಲಿಲ್ಲ.

"ಬಂದ್ಲಪ್ಪ ಸರ್ಕಾರಿ ನೌಕರಿಯೋಳು. ಏನಮ್ಮ, ಈ ವಾರ ನಿನ್ನ ಮೇಷ್ಟ್ರು ಎಷ್ಟು ಕಿತ್ಕೊಂಡ?"

"ಕಿತ್ಕೊಳ್ಳೋದಲ್ಲ ಕಣೇ, ಕಟ್ಟೋದು. ಅವ್ರೂ ಅಷ್ಟೇ ಕಟ್ತಾರೆ."

"ಕಟ್ತಾನೆ ಅಂತ ಅವ್ನು ಹೇಳ್ತಾನೆ. ನೋಡಿದ್ಯಾ? ನಂಗೆ ನೋಡು, ಶುಕ್ರವಾರ ಅಂದ್ರೆ ಕೈಗೆ ನಗದು ತುಂಬಿದ ಲಕೋಟೆ. ಸರ್ಕಾರಕ್ಕೂ ಗೊತ್ತಿಲ್ಲ, ಪಾದ್ರಿಗೂ ಗೊತ್ತಿಲ್ಲ, ನನ್ನ ಗಂಡನಿಗಂತೂ ಮೊದ್ಲೇ ಗೊತ್ತಿಲ್ಲ."

"ವಯಸ್ಸಾದ್ಮೇಲೆ ಏನ್ಮಾಡ್ತೀಯ?"

"ವಯಸ್ಸಾಗೋವರೆಗೂ ಯಾರು ಇಲ್ಲಿರ್ತಾರೆ? ಐದು ವರ್ಷ, ಮನೆ ಕಟ್ಟೋಷ್ಟು ಆದ್ರೆ ನಾನು ನಮ್ಮೂರು ಬ್ರಿಜ್‌ಟೌನಿಗೆ ಹೊರಟೆ. ನೀನು ಕಾಗದ ಹಾಸ್ಕೊಂಡು ಮಲಕ್ಕೋ."

ಬೆಂಚು ಪೂರಾ ನಗುತ್ತಿತ್ತು. ಐದು ವರ್ಷ ಎಂದು ಆ ಬೆಂಚಿನ ಮೇಲೆ ಎಲ್ಲರೂ ಹೇಳುತ್ತಿದ್ದರು. ಹತ್ತು ವರ್ಷದಿಂದ ಹೇಳುತ್ತಿದ್ದರು. ಲವೀನಿಯಾಗೂ ಒಳಗೊಳಗೆ ಅನುಮಾನ ಇಲ್ಲದಿರಲಿಲ್ಲ. ಆದರೂ ಬೆಂಚಿನಲ್ಲಿ ಮೇಷ್ಟ್ರ ಪರ ವಾದಿಸುತ್ತಲೇ ಬಂದಳು. ನಾವು ಉಂಡ ಮನೆಯ ಹುಚ್ಚುತನವನ್ನು ನಾವು ಬೈಯಬಹುದು, ಹೊರಗಿನವರು ಬೈದರೆ ಸಹಿಸಲಾಗದು.

ಮೇಷ್ಟ್ರ ಹುಚ್ಚಿಗೆ ಒಂದೇ ಒಂದು ಸಲ ಸುಗ್ಗಿ ಬಂದಿತ್ತು, ತೊಂಬತ್ತಮೂರರಲ್ಲಿ. ವಾಷಿಂಗ್ಟನ್ನಿನಲ್ಲಿ ದೊಡ್ಡ ಹುದ್ದೆ ಏರಬೇಕಾದವರೊಬ್ಬರು ಆಯಾಳ ತೆರಿಗೆ ಕಟ್ಟಿಲ್ಲ ಎಂಬ ಕಾರಣಕ್ಕೆ ಹುದ್ದೆ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಮೂರೇ ದಿನದಲ್ಲಿ ಆ ಬೀದಿಯ ವಕೀಲರು, ವೈದ್ಯರು, ಮುಂದೆ ಏನಾದರೂ ಆಗಬಹುದೆಂಬ ಆಸೆಯಿದ್ದವರೆಲ್ಲ ಒಬ್ಬೊಬ್ಬರಾಗಿ ಮೇಷ್ಟ್ರ ಅಡುಗೆಮನೆಗೆ ಬಂದರು. "ನಾರ್ಮನ್, ಆ ನಮೂನೆ ಎಲ್ಲಿ ಸಿಗತ್ತೆ? ಅಲ್ಲ, ನಮಗಲ್ಲ, ನಮ್ಮ ಸ್ನೇಹಿತರೊಬ್ಬರಿಗೆ." ಮೇಷ್ಟ್ರು ಎಲ್ಲರನ್ನೂ ಸಾಲಾಗಿ ಕೂರಿಸಿ, ಬೆಣ್ಣೆ ಪೊಟ್ಟಣದ ಪಾಠ ಹೇಳಿದರು. ಲವೀನಿಯಾ ಕಾಫಿ ಕೊಡುತ್ತ, ಬಂದವರ ಮುಖ ನೋಡಿಕೊಂಡಳು. ಎಲ್ಲ ಬೆಂಚಿನ ಆಯಾಗಳನ್ನು ಇಟ್ಟುಕೊಂಡ ಯಜಮಾನರೇ. ಏಪ್ರಿಲ್ ಬರುವಷ್ಟರಲ್ಲಿ ಪತ್ರಿಕೆಗಳು ಬೇರೆ ಸುದ್ದಿ ಹಿಡಿದವು, ಅವರೂ ಆ ನಮೂನೆಗಳನ್ನು ಮರೆತರು.

ಆ ವರ್ಷದ ಕೊನೆಗೆ ಟೋವ ಎರಡನೇ ತರಗತಿ. ಶಾಲೆಯಿಂದ ಒಬ್ಬಳೇ ಬರುವೆನೆಂದು ಹಟ ಹಿಡಿದಳು. ಲವೀನಿಯಾಳ ಕೆಲಸ ಮುಗಿಯಿತು. ಮಗು ಚೆನ್ನಾಗಿ ಬೆಳೆಯಿತೆಂದರೆ ಕೆಲಸ ಹೋಗುತ್ತದೆ. ಇಂಥ ಉದ್ಯೋಗ ಇನ್ನೊಂದಿಲ್ಲ. ಅನಂತರ ಹೋದ ಮನೆಗಳಲ್ಲೆಲ್ಲ ಅವಳು, "ಕಾನೂನು ಪ್ರಕಾರ ಇಟ್ಕೋತೀರಾ?" ಎಂದು ಕೇಳಿದಳು. ಕಿಟಕಿಯಲ್ಲಿ ಬಡವರ ಹಕ್ಕಿನ ಭಿತ್ತಿಪತ್ರ ಅಂಟಿಸಿಕೊಂಡಿದ್ದ ಯಜಮಾನಿಯೊಬ್ಬಳು, "ಅಯ್ಯೋ ಅದರಿಂದ ನಿಮಗೇ ನಷ್ಟ ಅಲ್ವಾ?" ಎಂದು ಕನಿಕರದಿಂದ ಕೈ ಹಿಡಿದುಕೊಂಡಳು. ಹೀಗೆ ಹತ್ತು ಹನ್ನೊಂದು ವರ್ಷ ಲಕೋಟೆಯಲ್ಲೇ ಹೋದವು. ಆದರೂ ಅವಳಿಗೆ ಧೈರ್ಯವಿತ್ತು: ಇಪ್ಪತ್ತೆಂಟು ಎಲ್ಲೂ ಹೋಗುವುದಿಲ್ಲ. ಏಜೆನ್ಸಿಯ ಹದಿನಾರು ಸೇರಿದ ದಿನ ಕೂಡಿ ನೋಡಿ, ನಾಲ್ಕು ಹೆಚ್ಚೇ ಬಂತೆಂದು ಹಿಗ್ಗಿದ್ದಳು.

ಈಗ ಆ ಇಪ್ಪತ್ತೆಂಟು ಸೊನ್ನೆ. ವಿಷಯ ಕೇಳಿ ವೆರ್ನಾ ಫೋನಿನಲ್ಲೇ ನಾಲಗೆ ಲೊಚಗುಟ್ಟಿಸಿದಳು. "ಬೆಂಚಿನ ಮೇಲೆ ನಾನೇನು ಹೇಳಿದ್ದೆ? ಬಡಪಾಯಿ ಕಳ್ಳ ಲಕೋಟೆ ಕದೀತಾನೆ, ಓದಿರೋ ಕಳ್ಳ ನಮೂನೆ ತುಂಬಿ ಕದೀತಾನೆ."

ಹನ್ನೊಂದು ದಿನ ಲವೀನಿಯಾ ಮೇಷ್ಟ್ರನ್ನು ಕಳ್ಳ ಎಂದುಕೊಂಡೇ ಎದ್ದಳು, ಕಳ್ಳ ಎಂದುಕೊಂಡೇ ಮಲಗಿದಳು. ತಾನೇ ಕೈಯಾರೆ ಪೆಟ್ಟಿಗೆಗೆ ಹಾಕಿಸಿದ ಲಕೋಟೆಗಳಲ್ಲಿ ಏನಿತ್ತು ಹಾಗಾದರೆ? ಬರೀ ಗಾಳಿಯಾ? ಆ ನಾಲಗೆ ಎಡಕ್ಕೂ ಬಲಕ್ಕೂ ಹೊರಳಿದ್ದು ನಾಟಕವಾ? ಕಡುಬು ಕೂಡ ನೆನಪಿನಲ್ಲಿ ಕಹಿಯಾಗತೊಡಗಿತು. ಹನ್ನೆರಡನೆಯ ದಿನ ಟೋಪಿ ಹಾಕಿಕೊಂಡು, ಕಚೇರಿಯ ಹಾಳೆ ಮಡಚಿ ಕೈಚೀಲದಲ್ಲಿಟ್ಟು ಹೊರಟಳು.

ರೋಡಾ ತೀರಿಕೊಂಡು ಎರಡು ವರ್ಷವಾಗಿತ್ತು. ಮಣ್ಣಿಗೆ ಲವೀನಿಯಾ ಹೋಗಿಬಂದಿದ್ದಳು. ಮೇಷ್ಟ್ರು ಮನೆ ಮಾರಿ ಓಷನ್ ಪಾರ್ಕ್‌ವೇ ರಸ್ತೆಯ ಸಣ್ಣ ಫ್ಲಾಟಿನಲ್ಲಿದ್ದರು. ಬಾಗಿಲು ತೆರೆದವರ ಮುಖ ಅರಳಿತು.

"ಲವೀನಿಯಾ! ಬನ್ನಿ ಬನ್ನಿ. ಟೋವ ಫೋನ್ ಮಾಡಿದಾಗೆಲ್ಲ ಕೇಳ್ತಾಳೆ, ವೀವಿ ಹೇಗಿದಾಳೆ ಅಂತ. ಚಹಾ?"

"ಚಹಾ ಬೇಡ."

ಏಳು ವರ್ಷದಲ್ಲಿ ಆ ಬಾಯಿಂದ ಚಹಾ ಬೇಡ ಎಂಬ ಮಾತು ಬಂದಿರಲಿಲ್ಲ. ಮೇಷ್ಟ್ರು ಮೆಲ್ಲಗೆ ಕೂತರು.

"ಮಿಸ್ಟರ್ ಲೆಫ್ಕೊ, ಒಂದು ಮಾತು ಕೇಳ್ತೀನಿ. ರೋಡಾಮ್ಮ ಮೇಲಿಂದ ಕೇಳಿಸ್ಕೊಳ್ತಾ ಇರ್ತಾರೆ, ನೋಡ್ಕೊಂಡು ಹೇಳಿ. ನನ್ನ ದುಡ್ಡು ಎಲ್ಲಿ?"

"ಯಾವ ದುಡ್ಡು?"

"ಏಳು ವರ್ಷ ಹಿಡ್ಕೊಂಡಿದ್ದು. ಸರ್ಕಾರದ ಹತ್ರ ಸೊನ್ನೆ ಇದೆ. ಕಟ್ಟಿದೀನಿ ಅಂದ್ರಿ. ನಾನು ಬೆಂಚಿನ ಮೇಲೆ ನಿಮ್ಮ ಪರ ಎಷ್ಟು ಜಗಳ ಆಡಿದೀನಿ ಗೊತ್ತಾ ನಿಮಗೆ?"

ಮೇಷ್ಟ್ರ ಮುಖ ಬಿಳಿಚಿತು. ಬೇರೆ ಯಾರಾದರೂ ಕಳ್ಳ ಎಂದಿದ್ದರೆ ಅವರು ನಗುತ್ತಿದ್ದರು. ಎಂಬತ್ತರ ಹತ್ತಿರದ ಮನುಷ್ಯ, ಜೀವನದಲ್ಲಿ ಕದ್ದದ್ದೆಂದರೆ ಸ್ಟಾಫ್ ರೂಮಿನ ಸೀಮೆಸುಣ್ಣ.

"ಕಟ್ಟಿದೀನಿ ಲವೀನಿಯಾ. ಒಂದೊಂದು ಸೆಂಟೂ ಕಟ್ಟಿದೀನಿ."

"ರಸೀತಿ ತೋರಿಸಿ."

"ಇಲ್ಲ."

"ಯಾಕಿಲ್ಲ?"

"ನಾಲ್ಕು ವರ್ಷ ಇಟ್ಕೊಂಡ್ರೆ ಸಾಕು ಅಂತ ನಿಯಮ" ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. "ಐದನೇ ವರ್ಷ ಬಂದ ತಕ್ಷಣ ನಾನೇ ಹರಿದು ಹಾಕ್ದೆ. ರೋಡಾ ಇರ್ಲಿ ಬಿಡು ಅಂದ್ಲು. ನಾನೇ, ನಿಯಮ ಅಂದ್ರೆ ನಿಯಮ ಅಂದೆ."

ಇದು ಮಾತ್ರ ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ಲವೀನಿಯಾಗೆ ಆ ಕ್ಷಣವೇ ಹೊಳೆಯಿತು. ಕಳ್ಳನಾಗಿದ್ದರೆ ಇದಕ್ಕಿಂತ ಒಳ್ಳೆಯ ಕಾರಣ ಹುಡುಕುತ್ತಿದ್ದ. ಕೈಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನವರೆಗೆ ತಂದು ಓದಿದರು. ಮತ್ತೆ ಮೊದಲಿಂದ ಓದಿದರು.

"ಇದು ನಿಮ್ಮದಲ್ಲ. ಯಾರೋ ಫಿಲೊಮಿನಾ ಆಗ್ನೆಸ್ ನೋಯಲ್ ಅವರದ್ದು. ನಿಮ್ಮ ತಂಗೀದಾ?"

"ನಂದೇ."

"ಅಲ್ಲ, ಹೆಸರು ನೋಡಿ. ಫಿಲೊಮಿನಾ."

"ಅದೇ. ಫಿಲೊಮಿನಾ ನಾನೇ."

"ಹಾಗಾದ್ರೆ ಲವೀನಿಯಾ ಯಾರು?"

"ಅದೂ ನಾನೇ. ಕರೆಯೋ ಹೆಸರು."

ಗುಯಾವ್ ಎಂಬ ಅವಳ ಮೀನುಗಾರರ ಊರಿನಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಪಾದ್ರಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಒಂದು, ಅಜ್ಜಿ ಕರೆಯುವುದು ಇನ್ನೊಂದು. ಪುಸ್ತಕದ ಹೆಸರು ಹೊರಗೆ ಬಿಟ್ಟರೆ ಆಗದವರು ಅದನ್ನು ಹಿಡಿದು ಮಾಟ ಮಾಡಿಸುತ್ತಾರೆ ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಅದು ಮದುವೆಗೊಮ್ಮೆ, ಮಣ್ಣಿಗೊಮ್ಮೆ ಹೊರಬರಬೇಕಾದ ಹೆಸರು. ವಿಮಾನದ ಟಿಕೆಟಿಗೆ, ಸರ್ಕಾರಿ ಕಾರ್ಡಿಗೆ ಬೇರೆ ದಾರಿಯಿಲ್ಲದೆ ಕೊಟ್ಟಿದ್ದಳು. ಏಜೆನ್ಸಿಯವರು ಕಾರ್ಡು ಕಿತ್ತುಕೊಂಡೇ ನೋಡಿದ್ದರಿಂದ ಅಲ್ಲಿಯೂ ಹೋಯಿತು. ಆದರೆ ಮೇಷ್ಟ್ರು ಕೇಳಿದ್ದು ಬರೀ "ನಿಮ್ಮ ಹೆಸರು?" ಎಂದು. ಮನೆಗೆ ಕರೆದು ಮಗು ಕೈಗೆ ಕೊಡುವವರಿಗೆ ಹೇಳುವುದು ಕರೆಯುವ ಹೆಸರಲ್ಲದೆ ಇನ್ನೇನು? ಅವರು ಅದನ್ನೇ ನಮೂನೆಗೆ ಹಾಕಿದರು. ನಂಬರು ಫಿಲೊಮಿನಾಳದು, ಹೆಸರು ಲವೀನಿಯಾಳದು. ಆ ಎರಡೂ ಒಬ್ಬಳೇ ಎಂದು ಸರ್ಕಾರಕ್ಕೆ ಯಾರು ಹೇಳಬೇಕು?

"ಆ ಪತ್ರಗಳು!" ಮೇಷ್ಟ್ರು ಹಣೆ ಚಚ್ಚಿಕೊಂಡರು. "ಹೆಸರೂ ನಂಬರೂ ಕೂಡ್ತಿಲ್ಲ ಅಂತಿತ್ತು ಅದರಲ್ಲಿ. ನಾನು ಮೂರು ಸಲ ನಂಬರ್ ಸರಿಯಿದೆ ಅಂತ ಬರ್ದೆ."

"ನಾಲ್ಕು ಸಲ."

"ನಿಮ್ಮ ದ್ವೀಪದ ಜಾಯಿಕಾಯಿ ಟನ್ ಲೆಕ್ಕ ನಂಗೆ ಗೊತ್ತಿತ್ತು. ಏಳು ವರ್ಷ ನಿಮ್ಮ ಹೆಸರು ಗೊತ್ತಿರ್ಲಿಲ್ಲ."

"ಗೊತ್ತಿತ್ತು. ಬರ್ಕೋಬಾರದಾಗಿತ್ತು, ಅಷ್ಟೇ."

ಮೊದಲು ನಕ್ಕದ್ದು ಮೇಷ್ಟ್ರು. ಆಮೇಲೆ ಲವೀನಿಯಾ ನಕ್ಕಳು, ನಗುತ್ತಲೇ ಟೋಪಿ ತೆಗೆದು ಕಣ್ಣೊರೆಸಿಕೊಂಡಳು. "ನಿಮ್ಮನ್ನ ಕಳ್ಳ ಅಂದ್ಕೊಂಡೆ ಸಾರ್. ಹನ್ನೊಂದು ದಿನ."

"ಹನ್ನೊಂದೇ ದಿನಾನಾ? ರೋಡಾ ನಲವತ್ತು ವರ್ಷ ನನ್ನ ಪೆದ್ದ ಅಂದ್ಕೊಂಡಿದ್ಲು, ಅವಳದ್ದೇ ಸರಿಯಾಯ್ತು. ಈಗ್ಲಾದ್ರೂ ಚಹಾ ಕುಡೀತೀರಾ?"

ಮರುದಿನ ಇಬ್ಬರೂ ಕಚೇರಿಯ ಕುರ್ಚಿಗಳ ಮೇಲೆ ಮೂರು ಗಂಟೆ ಕೂತರು. ಮೇಷ್ಟ್ರು ಕೋಟು, ಟೈ ಹಾಕಿಕೊಂಡು, ಹಳೆಯ ಶಾಲಾ ಅಟ್ಲಾಸು ಬಗಲಲ್ಲಿಟ್ಟುಕೊಂಡು ಬಂದಿದ್ದರು. ತೆರಿಗೆ ಕಟ್ಟಲು ಸರ್ಕಾರ ಅವರಿಗೆ ಕೊಟ್ಟಿದ್ದ ನಂಬರು ಅದರ ಒಳರಟ್ಟಿನ ಮೇಲಿತ್ತು. ಮನೆ ಮಾರುವಾಗ ಅವರು ಎಸೆಯದೆ ಉಳಿಸಿಕೊಂಡ ಪುಸ್ತಕ ಅದೊಂದೇ. ಉದ್ದ ಉಗುರಿನ ಹುಡುಗಿ ಕತೆ ಕೇಳಿ ಹುಬ್ಬೇರಿಸಿದಳು.

"ಹೆಸರು ನಂಬರು ಹೊಂದದ ದುಡಿಮೆಯ ಲೆಕ್ಕಾನೆಲ್ಲ ಒಂದು ಕಡೆ ಕೂಡಿಟ್ಟಿರ್ತಾರೆ ಆಂಟಿ, ವಾರಸುದಾರರು ಬರೋ ತನಕ. ಅಲ್ಲಿ ಹುಡುಕ್ತೀನಿ. ನೀವು ಸಾರ್, ಇವರೇ ಅವರು ಅಂತ ಒಂದು ಸಾಲು ಬರೆದು ಸಹಿ ಹಾಕಿ."

ಮೇಷ್ಟ್ರು ಒಂದು ಪುಟ ಬರೆದರು. ತಾನು ಲವೀನಿಯಾ ಎಂದು ಬಲ್ಲ ಈ ಹೆಂಗಸು ತನ್ನ ಮಗಳನ್ನು ಏಳು ವರ್ಷ ಸಾಕಿದಳು, ತೋಟದಲ್ಲಿ ಬಿದ್ದಾಗ ಎತ್ತಿದಳು, ಖಾರ ತಿನ್ನಲು ಕಲಿಸಿದಳು ಎಂದು ಬರೆಯುತ್ತ ಬರೆಯುತ್ತ ಕಾಗದ ತಿರುಗಿಸಲು ಹೊರಟಾಗ ಹುಡುಗಿ ಮೆಲ್ಲನೆ ಎಳೆದುಕೊಂಡಳು.

"ಒಂದೇ ಸಾಲು ಸಾಕಾಗಿತ್ತು ಸಾರ್."

"ಅವ್ರಿಗೆ ಒಂದು ಸಾಲು ಬರೆಯೋಕೆ ಬರಲ್ಲಮ್ಮ. ನಾನು ನೋಡಿದೀನಿ" ಎಂದಳು ಲವೀನಿಯಾ.

ಹುಡುಗಿ ಉಗುರು ಕಟಕಟಿಸಿದಳು, ನಿಲ್ಲಿಸಿದಳು, ಮತ್ತೆ ಕಟಕಟಿಸಿದಳು. ಮೇಷ್ಟ್ರ ನಾಲಗೆಯ ತುದಿ ಹೊರಬಂದಿತ್ತು.

"ಎಂಬತ್ತೇಳು ಇದೆ. ಎಂಬತ್ತೆಂಟು ಇದೆ..." ಹುಡುಗಿ ಒಂದೊಂದೇ ಓದಿದಳು. ತೊಂಬತ್ತಮೂರರ ತನಕ ಎಲ್ಲವೂ ಇದ್ದವು, ಒಂದು ಸೆಂಟು ಹೆಚ್ಚಿಲ್ಲ ಕಡಿಮೆಯಿಲ್ಲ. ಹದಿನಾರು ವರ್ಷದಿಂದ ಕತ್ತಲಲ್ಲಿ ಕೂತು ತಮ್ಮ ಒಡತಿಯನ್ನು ಕಾಯುತ್ತಿದ್ದವು.

ಆರು ವಾರಕ್ಕೆ ಪತ್ರ ಬಂತು. ಒಟ್ಟು ಅಂಕ ನಲವತ್ತನಾಲ್ಕು. ಲವೀನಿಯಾ ಅದನ್ನು ಮಡಚಿ ಎದೆಯ ಹತ್ತಿರ ಇಟ್ಟುಕೊಂಡು ಪಾರ್ಕಿಗೆ ನಡೆದಳು. ವೆರ್ನಾಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಳು. "ಏನಮ್ಮ, ನಿನ್ನ ಲಕೋಟೆಗಳು ಚೆನ್ನಾಗಿದಾವಾ?" ಎಂದು ಶುರುಮಾಡಬೇಕು. ಇಪ್ಪತ್ತೆರಡು ವರ್ಷದ ಬಾಕಿ ತೀರಿಸುವುದಿತ್ತು.

ಬೆಂಚು ಅಲ್ಲೇ ಇತ್ತು. ಹಳಬರಲ್ಲಿ ಯಾರೂ ಇರಲಿಲ್ಲ, ವೆರ್ನಾ ಒಬ್ಬಳೇ. ಅರವತ್ತೊಂಬತ್ತು ವರ್ಷ, ಅವಳಿ ಮಕ್ಕಳ ಅಗಲದ ತಳ್ಳುಗಾಡಿಯ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿ, ಸೊಂಟ ಹಿಡಿದುಕೊಂಡು ಎತ್ತುತ್ತಿದ್ದಳು. ಲವೀನಿಯಾ ಹೋಗಿ ಇನ್ನೊಂದು ಕಡೆ ಹಿಡಿದಳು. ಮೂರು ಎಣಿಸಿ ಎತ್ತಿದರು. ಇಬ್ಬರ ಮಂಡಿಗಳೂ ಒಟ್ಟಿಗೆ ಸದ್ದು ಮಾಡಿದವು.

"ಬಂತಾ?" ವೆರ್ನಾ ಏದುಸಿರು ಬಿಡುತ್ತ ಕೇಳಿದಳು.

"ಬಂತು."

"ಪೂರಾನಾ?"

"ಪೂರಾ. ನಾಲ್ಕು ಜಾಸ್ತಿನೇ."

ಕಟ್ಟಿಕೊಂಡು ಬಂದ ಮಾತು ನಾಲಗೆಯ ಮೇಲೆಯೇ ಇತ್ತು. ಲವೀನಿಯಾ ಅದನ್ನು ನುಂಗಿದಳು. ವೆರ್ನಾ ಮಕ್ಕಳ ಮೂಗು ಒರೆಸಿದಳು, ಒಬ್ಬನ ಶೂ ಲೇಸು ಕಟ್ಟಿದಳು, ಸುಮಾರು ಹೊತ್ತು ಕೆರೆಯ ಬಾತುಗಳನ್ನು ನೋಡಿದಳು.

"ನಿನ್ನ ಮೇಷ್ಟ್ರಿಗೆ ಈಗ ಎಷ್ಟು ವಯಸ್ಸು?"

"ಎಪ್ಪತ್ತೊಂಬತ್ತು. ಯಾಕೆ?"

"ಅವರನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಾ ಕೇಳು. ಕಾನೂನು ಪ್ರಕಾರಾನೇ. ವರ್ಷಕ್ಕೆ ನಾಲ್ಕು ಅಂದ್ರೆ, ನನ್ನ ಎಪ್ಪತ್ತೊಂಬತ್ತಕ್ಕೆ ನಲವತ್ತು ಆಗತ್ತೆ."

ಅವಳು ನಗಿಸಲೆಂದೇ ಹೇಳಿದ್ದಳು. ಲವೀನಿಯಾ ನಗಲಿಲ್ಲ. "ನಿಂದು ಕಾಗದದ ಹೆಸರೇನೇ ವೆರ್ನಾ?" ಎಂದು ಕೇಳಿದಳು.

"ವೆರ್ನಾನೇ. ನಮ್ಮೂರಲ್ಲಿ ಒಬ್ಬರಿಗೆ ಒಂದೇ ಹೆಸರು."

"ಕಾರ್ಡು ಎಲ್ಲಿದೆ?"

"ಪೆಟ್ಟಿಗೇಲಿ. ಯಾಕೆ, ನಿಜವಾಗ್ಲೂ ಕೇಳ್ತೀಯೇನೇ?"

"ಇವತ್ತೇ ಸಂಜೆ ಹೋಗೋಣ. ಕಾರ್ಡು ತಗೊಂಡ್ಬಾ" ಎಂದಳು ಲವೀನಿಯಾ. "ಜಾಯಿಕಾಯಿ ಎಷ್ಟು ಟನ್ ಅಂತ ಕೇಳಿದ್ರೆ, ಗೊತ್ತಿಲ್ಲ ಅನ್ನು. ಅವ್ರಿಗೆ ಹೇಳೋಕೆ ತುಂಬ ಇಷ್ಟ."